ಇಂದಿನ ಧಮ್ಮ ಚಿಂತನೆ: ಧೂಳು ಕೊಡವುವ ಮುನ್ನ



ಕಳೆದ ಭಾನುವಾರ ನಮ್ಮ ಮನೆಯಲ್ಲಿ ದೊಡ್ಡ ಕ್ಲೀನಿಂಗ್. ಅಟ್ಟದ ಸಾಮಾನು ಇಳಿಸಿ, ಡಬ್ಬಗಳನ್ನೆಲ್ಲ ತೊಳೆದು, ಬೀರು ಖಾಲಿ ಮಾಡಿಕೊಂಡು ಕೂತಿದ್ದೆ. ನಮ್ಮ ಅತ್ತೆಗೆ 78 ವರ್ಷ, ಕೈ ನಡುಗುತ್ತದೆ. ಆದರೂ ಸುಮ್ಮನೆ ಕೂರುವವರಲ್ಲ. ಒಣಗಿದ ಬಟ್ಟೆಗಳನ್ನು ಮಡಚಿ ಮಂಚದ ಮೇಲೆ ಇಟ್ಟರು. ಅಂಚಿಗೆ ಅಂಚು ಕೂಡಿರಲಿಲ್ಲ. ಅವರ ಎದುರಿಗೇ ಒಂದೊಂದನ್ನೂ ಬಿಡಿಸಿ ಮತ್ತೆ ಮಡಚಿದೆ. ಬಾಯಿ ಬಿಟ್ಟು ಒಂದು ಮಾತೂ ಆಡಲಿಲ್ಲ. ಆಡುವ ಅಗತ್ಯವೂ ಇರಲಿಲ್ಲ.

"ಬಿಡವ್ವ, ಇನ್ಮೇಲೆ ನಾನು ಮುಟ್ಟಲ್ಲ" ಅಂದು ಎದ್ದು ಹೋಗಿ ಜಗಲಿ ಮೇಲೆ ಕೂತರು. ಸಂಜೆ ಹೊತ್ತಿಗೆ ಬೀರು ಬಟ್ಟೆ ಅಂಗಡಿಯಂತೆ ಕಾಣುತ್ತಿತ್ತು. ಊಟಕ್ಕೆ ಕೂತಾಗ ಮಾತ್ರ ಯಾರೂ ಮಾತಾಡಲಿಲ್ಲ.

ಆ ರಾತ್ರಿ ವಿನಯ ಪಿಟಕದ ಚುಲ್ಲವಗ್ಗ ಓದುತ್ತಿದ್ದೆ. ಭಿಕ್ಖುಗಳು ತಾವಿರುವ ವಿಹಾರವನ್ನು ಹೇಗೆ ಚೊಕ್ಕಟವಾಗಿಡಬೇಕು ಎಂದು ಅಲ್ಲಿ ಬಿಡಿಸಿ ಹೇಳಿದೆ. ಮೊದಲು ಪಾತ್ರೆ, ಚೀವರ ಹೊರಗಿಡಬೇಕು. ಮಂಚವನ್ನು ಬಾಗಿಲಿಗೆ ಉಜ್ಜದಂತೆ ತಗ್ಗಿಸಿ ಹೊರತರಬೇಕು. ಜೇಡರ ಬಲೆಯನ್ನು ಮೇಲಿನಿಂದ ತೆಗೆಯಬೇಕು. ಅಂದರೆ ಅಚ್ಚುಕಟ್ಟು ಧಮ್ಮಕ್ಕೆ ಹೊರತಾದದ್ದಲ್ಲ. ಇದಕ್ಕೆ ಪಾಲಿಯಲ್ಲಿ 'ವತ್ತ' ಎನ್ನುತ್ತಾರೆ, ಅಂದರೆ ಪಾಲಿಸಬೇಕಾದ ಕರ್ತವ್ಯ. ಇವತ್ತು ಗುಡಿಸಿದರೆ ನಾಳೆ ಮತ್ತೆ ಧೂಳು. ಮುಗಿದುಹೋಗುವ ಕೆಲಸವಲ್ಲ ಇದು.

ಅಲ್ಲೇ ಇನ್ನೊಂದು ಮಾತಿದೆ. ಹಾಸಿಗೆಯ ಧೂಳನ್ನು ಇತರ ಭಿಕ್ಖುಗಳ ಹತ್ತಿರ ಕೊಡವಬಾರದು, ಕುಡಿಯುವ ನೀರಿನ ಹತ್ತಿರ ಕೊಡವಬಾರದು, ಗಾಳಿಗೆ ಎದುರಾಗಿಯೂ ಕೊಡವಬಾರದು.

ಓದಿ ಪುಸ್ತಕ ಮುಚ್ಚಿದೆ. ನಾನು ಬೀರುವಿನ ಧೂಳನ್ನೆಲ್ಲ ಕೊಡವಿದ್ದು ಅತ್ತೆಯ ಮೇಲೆ.

ಮರುದಿನ ಒಣಗಿದ ಬಟ್ಟೆಗಳನ್ನು ಅವರ ಮುಂದಿಟ್ಟು, "ಅತ್ತೆ, ನಿನ್ನೆ ನನ್ನದು ತಪ್ಪಾಯ್ತು. ಮಡಚಿ ಕೊಡ್ತೀರಾ?" ಅಂದೆ. "ನಾನು ಮಡಚಿದ್ದು ನಿಂಗೆ ಸರಿಹೋಗಲ್ಲ ಕಣವ್ವ" ಅಂದರು. ಆ ದಿನ ಮುಟ್ಟಲಿಲ್ಲ. ಮೂರನೆಯ ದಿನ ಒಂದು ಟವೆಲ್ ಎತ್ತಿಕೊಂಡರು. ಮಡಿಕೆ ಸೊಟ್ಟಗಿತ್ತು. ಹಾಗೇ ಬೀರುವಿನಲ್ಲಿಟ್ಟೆ. ಸುಳ್ಳು ಯಾಕೆ ಹೇಳಲಿ, ಕೈ ತುರಿಸಿತು. ಅದನ್ನೂ ಸ್ಮೃತಿಯಿಂದ ಗಮನಿಸಿದೆ.

ಹಾಗೆಂದು ಎಲ್ಲವನ್ನೂ ಬಿಟ್ಟಿಲ್ಲ. ಅವರ ಬಿಪಿ ಮಾತ್ರೆಗಳ ಡಬ್ಬಿಯನ್ನು ಬೆಳಿಗ್ಗೆಯದು ಬೇರೆ, ರಾತ್ರಿಯದು ಬೇರೆ ಎಂದು ನಾನೇ ಜೋಡಿಸುತ್ತೇನೆ. ಅಲ್ಲಿ ಹೆಚ್ಚುಕಡಿಮೆ ಆದರೆ ಜೀವಕ್ಕೆ ತೊಂದರೆ. ಟವೆಲ್ ಸೊಟ್ಟಗಾದರೆ ತೊಂದರೆ ನನ್ನ 'ನಾನು' ಎಂಬುದಕ್ಕೆ ಮಾತ್ರ. ಈ ಎರಡರ ವ್ಯತ್ಯಾಸ ತಿಳಿಯುವುದೇ ಗೃಹಸ್ಥರಾದ ನಮಗೆ ಮಧ್ಯಮ ಮಾರ್ಗ ಎಂದು ನನಗನ್ನಿಸುತ್ತದೆ.

*ಇಂದಿನ ಅಭ್ಯಾಸ:* ಮನೆಯವರು ಮಾಡಿದ ಯಾವುದಾದರೂ ಒಂದು ಕೆಲಸವನ್ನು ಇವತ್ತು ತಿದ್ದದೆ ಹಾಗೇ ಬಿಡೋಣ. ಪೊರಕೆ ಹಿಡಿದಾಗ ಒಮ್ಮೆ ನಿಂತು, ಗಾಳಿ ಯಾರ ಕಡೆಗಿದೆ ಎಂದು ನೋಡೋಣ.

ಎಲ್ಲರಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು 🙏