ಬಿಳಿ ಗೋಡೆಯೊಳಗಿನ ಬೀರು

1995ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂದಲ್ಲಿ ಕ್ಯಾಲ್ವಿನ್ ಕ್ಲೈನ್ ಬಟ್ಟೆ ಅಂಗಡಿ ತೆರೆಯಿತು. ಎತ್ತರದ ಬಿಳಿ ಗೋಡೆ, ತಿಳಿಬಣ್ಣದ ಕಲ್ಲಿನ ನೆಲ, ಅಲ್ಲೊಂದು ಇಲ್ಲೊಂದು ಉಡುಪು, ಉಳಿದದ್ದೆಲ್ಲ ಬೆಳಕು. ರೂಪಿಸಿದವರು ಇಂಗ್ಲೆಂಡಿನ ವಾಸ್ತುಶಿಲ್ಪಿ ಜಾನ್ ಪಾಸನ್. ಕೆಲವು ವರ್ಷಗಳ ಬಳಿಕ ಆ ಅಂಗಡಿಯ ಚಿತ್ರಗಳು ಫ್ರಾನ್ಸಿನ ಸೆಟ್‌ಫಾಂ ಮಠದ ಕ್ರೈಸ್ತ ಸನ್ಯಾಸಿಗಳ ಕಣ್ಣಿಗೆ ಬಿದ್ದವು. ಚೆಕ್ ದೇಶದಲ್ಲಿ ಹೊಸ ಮಠ ಕಟ್ಟಲು ಹೊರಟಿದ್ದ ಅವರು ಪಾಸನ್‌ಗೇ ಹೇಳಿಕಳಿಸಿದರು.

ಬಟ್ಟೆ ಮಾರಲೆಂದು ರೂಪಿಸಿದ ಜಾಗದಲ್ಲಿ ಬಡತನದ ವ್ರತ ಹಿಡಿದವರು ತಮ್ಮ ದೇವಾಲಯವನ್ನು ಕಂಡರು. ಬಿಳಿ ಗೋಡೆ, ಒಂದೇ ಮರದ ಬೆಂಚು, ಖಾಲಿ ನೆಲ ಇರುವ ಮನೆಯ ಚಿತ್ರ ನೋಡಿದಾಗ ಎಷ್ಟೋ ಜನರ ಉಸಿರು ನಿಧಾನವಾಗುತ್ತದೆ. ಆ ಕ್ಷಣ ಮನಸ್ಸು ಬೇಡುವುದು ಆ ಮನೆಯನ್ನೋ, ಮನೆ ತುಂಬಿರುವ ಸಾಮಾನಿನಿಂದ ಬಿಡುಗಡೆಯನ್ನೋ?

ಸನ್ಯಾಸಿಗಳಿಗೆ ಇದು ಹಳೆಯ ಪ್ರಶ್ನೆ. ಸೆಟ್‌ಫಾಂ ಮಠವೂ ಸೇರಿರುವ, 1098ರಲ್ಲಿ ಫ್ರಾನ್ಸಿನ ಸಿತೋ ಎಂಬಲ್ಲಿ ಶುರುವಾದ ಸಿಸ್ಟರ್ಷಿಯನ್ ಪಂಥದವರು ಬಣ್ಣ ಹಾಕದ ಉಣ್ಣೆಯ ನಿಲುವಂಗಿ ತೊಡುತ್ತಿದ್ದರು; ಜನ ಅವರನ್ನು ಬಿಳಿ ಸನ್ಯಾಸಿಗಳೆಂದೇ ಕರೆದರು. ಆ ಪಂಥದ ಹಿರಿಯ, ಕ್ಲೇರ್ವೋದ ಬರ್ನಾರ್ಡ್ 1125ರ ಸುಮಾರಿಗೆ ಬರೆದ ಗ್ರಂಥದಲ್ಲಿ ಮಠಗಳ ಅಲಂಕಾರದ ಮೇಲೆ ಹರಿಹಾಯ್ದರು. ಕಲ್ಲಿನಲ್ಲಿ ಕೆತ್ತಿದ ವಿಚಿತ್ರ ಪ್ರಾಣಿಗಳನ್ನು ನೋಡುತ್ತ ಕುಳಿತವರಿಗೆ ಧ್ಯಾನ ಎಲ್ಲಿಂದ ಬಂದೀತು ಎಂಬುದು ಅವರ ಒಂದು ತಕರಾರು. ಇನ್ನೊಂದಕ್ಕೆ ತೂಕ ಹೆಚ್ಚು: ಗೋಡೆಗೆ ಚಿನ್ನ ಮೆತ್ತಿದ ಹಣ ಹಸಿದವರ ಪಾಲಿನದು. ಮುಂದೆ ಪಂಥದ ಕಟ್ಟಳೆ ಕಿಟಕಿಯ ಗಾಜಿಗೂ ಬಣ್ಣ, ಚಿತ್ರ ಬೇಡವೆಂದಿತು. ಅವರ ಖಾಲಿ ಗೋಡೆಯ ಬೆನ್ನಿಗೆ ಬಡವರ ಲೆಕ್ಕವೊಂದಿತ್ತು.

ಬಿಳಿಗೆ ಕಠೋರ ಮುಖವೂ ಇದೆ. 1524ರ ಬೇಸಿಗೆಯಲ್ಲಿ ಜ್ಯೂರಿಚ್ ನಗರ, ಸುಧಾರಕ ಜ್ವಿಂಗ್ಲಿಯ ಬೋಧನೆಗೆ ಓಗೊಟ್ಟು, ಇಗರ್ಜಿಗಳಲ್ಲಿದ್ದ ವಿಗ್ರಹ, ಚಿತ್ರಗಳನ್ನು ತೆಗೆಸಿ ಗೋಡೆಗಳಿಗೆ ಸುಣ್ಣ ಬಳಿಸಿತು. ತಲೆಮಾರುಗಳು ಕೈಮುಗಿದ ಸಂತರು ಮರೆಯಾದರು.

ನಾಲ್ಕು ಶತಮಾನಗಳ ಬಳಿಕ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ಅದೇ ಬಿಳಿಯನ್ನು ಮನೆಯೊಳಗೆ ಕರೆತಂದರು. ಪ್ರತಿಯೊಬ್ಬ ನಾಗರಿಕನೂ ಪರದೆ, ಗೋಡೆಕಾಗದ ಕಿತ್ತುಹಾಕಿ ಬಿಳಿ ಬಳಿಯಬೇಕು, ಮನೆ ಶುಚಿಯಾದರೆ ಒಳಗೂ ಶುಚಿಯಾಗುತ್ತದೆ ಎಂದು 1925ರ ಪುಸ್ತಕದಲ್ಲಿ ವಾದಿಸಿದರು. ಇಂದಿನ ಬಿಳಿ ಮನೆಗಳು ಈ ನಂಬಿಕೆಯ ಮಕ್ಕಳು.

ಆ ನಂಬಿಕೆ ಪೂರ್ತಿ ಸುಳ್ಳಲ್ಲ. ತೆರವಾದ ಕೋಣೆಯಲ್ಲಿ ಕಣ್ಣಿಗೆ ಬಿಡುವು ಸಿಗುತ್ತದೆ, ಸಂಜೆಯ ಬಿಸಿಲು ಗೋಡೆಯ ಮೇಲೆ ಸರಿಯುವುದು ಕಾಣುತ್ತದೆ. ಅದು ಸಣ್ಣ ವರವೇನಲ್ಲ. ಆದರೆ ಸಾಮಾನೆಲ್ಲ ಎಲ್ಲಿ ಹೋಯಿತು? ಇಂಥ ಮನೆಗಳ ಗುಟ್ಟಿರುವುದು ಬೀರುವಿನಲ್ಲಿ. ನೆಲದಿಂದ ಸೂರಿನವರೆಗೆ ಗೋಡೆಯಂತೆಯೇ ಕಾಣುವ ಬಾಗಿಲು. ಅದರ ಹಿಂದೆ ಮಿಕ್ಸಿ, ಚಾರ್ಜರ್, ಮಾತ್ರೆ ಡಬ್ಬಿ, ಇಸ್ತ್ರಿ ಪೆಟ್ಟಿಗೆ, ಉಟ್ಟು ಮರೆತ ಬಟ್ಟೆ. ಬಾಗಿಲ ಮುಂದೆ, ದಿನವೂ ಧೂಳು ಒರೆಸುವ ಯಾರದೋ ಕೈ. ಚಿತ್ರದಲ್ಲಿ ಇವೆರಡೂ ಇರುವುದಿಲ್ಲ.

ಸಿಸ್ಟರ್ಷಿಯನ್ನರು ಪಾಲಿಸುವ, 6ನೇ ಶತಮಾನದ ಸಂತ ಬೆನೆಡಿಕ್ಟನ ನಿಯಮಾವಳಿ ನೇರವಾಗಿ ಈ ಬೀರುವಿಗೇ ಕೈ ಹಾಕುತ್ತದೆ. ಸನ್ಯಾಸಿಗೆ ಪುಸ್ತಕ, ಬರೆಯುವ ಹಲಗೆ, ಲೇಖನಿ ಕೂಡ ಸ್ವಂತದ್ದಲ್ಲ. ಹಾಸಿಗೆಯಲ್ಲಿ ಏನಾದರೂ ಬಚ್ಚಿಟ್ಟಿದ್ದಾನೆಯೇ ಎಂದು ಮಠಾಧಿಪತಿ ಆಗಾಗ ನೋಡಬೇಕು. ಕೇಳಲು ಕಟುವೇ. ಆದರೆ ಅಂಗಿ, ಪಾದರಕ್ಷೆ, ಚಾಕು, ಸೂಜಿ, ಕರವಸ್ತ್ರ ಹೀಗೆ ಬೇಕಾದದ್ದನ್ನೆಲ್ಲ ಮಠವೇ ಕೊಡಬೇಕೆಂದು ಅದೇ ನಿಯಮಾವಳಿ ಹೇಳುತ್ತದೆ. ಕೊರತೆಯ ನೆಪವೇ ಉಳಿಯದಂತೆ ಮಾಡಿ, ಆಮೇಲೆ ತಪಾಸಣೆ. ಜೈನರು ಅಪರಿಗ್ರಹ ಎನ್ನುವ ಮಾತಿಗೆ ಇದು ಬಹಳ ಹತ್ತಿರ.

ಚೆಕ್ ದೇಶದಲ್ಲಿ ಪಾಸನ್ ಕಟ್ಟಿದ ನೋವಿ ದ್ವೂರ್ ಮಠದ ದೇವಾಲಯ 2004ರಲ್ಲಿ ಪ್ರತಿಷ್ಠೆಗೊಂಡಿತು. ಪಾಳುಬಿದ್ದ ಬರೋಕ್ ಕಾಲದ ಬಂಗಲೆಯ ಪಕ್ಕಕ್ಕೆ ಹೊಸ ಕಟ್ಟಡ. ದೇವಾಲಯದೊಳಗೆ ಎಲ್ಲಿಂದ ಬಂತೆಂದು ತಿಳಿಯದ ಹಾಗೆ ಗೋಡೆಯ ಮೇಲೆ ಹರಡುವ ಬೆಳಕು. ಕಟ್ಟಡದ ಪ್ರಸಿದ್ಧ ಚಿತ್ರಗಳು ಹೆಚ್ಚಾಗಿ ಹಗಲಿನವು. ಅಲ್ಲಿಯ ದಿನದ ಮೊದಲ ಪ್ರಾರ್ಥನೆ ಮಾತ್ರ ಸೂರ್ಯ ಹುಟ್ಟುವ ಮುಂಚೆ. ಕಿಟಕಿಗಳ ಆಚೆ ಕತ್ತಲಿರುವಾಗಲೇ ಸನ್ಯಾಸಿಗಳು ಕೀರ್ತನೆ ಹಾಡಲು ಎದ್ದು ನಿಲ್ಲುತ್ತಾರೆ.