ಮರಿಗೆ ದಾರಿ ಹೇಳಿದವರು

ಕುಂದಾಪುರದ ಕೋಡಿಯಲ್ಲಿ ಸೋಣೆ ತಿಂಗಳ ಮಳೆ ಸ್ವಲ್ಪ ಹೊಳವಾಯಿತೆಂದರೆ ಪೆಸಿಫಿಕ್ ಗೋಲ್ಡನ್ ಪ್ಲೋವರ್ ಹಕ್ಕಿಗಳು ಅಳಿವೆಗೆ ಇಳಿಯತೊಡಗುತ್ತವೆ. ಮೊದಲು ಬರುವವು ದೊಡ್ಡವು. ಸೈಬೀರಿಯದ ತುಂಡ್ರಾದಲ್ಲಿ ಮರಿ ಮಾಡಿದ ಕಾಲದ ಕಪ್ಪು ಇನ್ನೂ ಹೊಟ್ಟೆಯ ಮೇಲೆ ತೇಪೆ ತೇಪೆಯಾಗಿ ಉಳಿದಿರುತ್ತದೆ. ಕೆಲವು ವಾರ ಕಳೆದು, ನವರಾತ್ರಿಯ ಹೊತ್ತಿಗೆ, ಆ ವರ್ಷದ ಮರಿಗಳು ಕಾಣಸಿಗುತ್ತವೆ. ಬೆನ್ನಿನ ಒಂದೊಂದು ಗರಿಯ ಅಂಚಿಗೂ ಚಿನ್ನದ ಚುಕ್ಕಿ, ಎಲ್ಲೂ ಸವೆದಿಲ್ಲ. ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುತ್ತವೆ, ಬಗ್ಗಿ ಕೆಸರಿನಿಂದ ಹುಳ ಎಳೆದು ಮತ್ತೆ ಓಡುತ್ತವೆ.

ದೊಡ್ಡವು ಮರಿಗಳನ್ನು ಕಾಯದೆ ಮೊದಲೇ ಹೊರಟಿರುತ್ತವೆ. ಇದನ್ನು ಹೇಳಿದಾಗ ಅಳಿವೆಯಲ್ಲಿ ಚಿಪ್ಪಿ ಹೆಕ್ಕುತ್ತಿದ್ದ ಹೆಂಗಸೊಬ್ಬರು ಕೇಳಿದರು: “ಹಾಂಗಾರೆ ದಾರಿ ಹೇಳ್ಕೊಟ್ಟದ್ ಯಾರ್ ಮಾಸ್ಟ್ರೇ?”

ನಾನು ಸಂಸ್ಕೃತ ಪಾಠ ಹೇಳಿದವ. ನನಗೆ ನೆನಪಾದದ್ದು ಗೌತಮನ ನ್ಯಾಯಸೂತ್ರದ ಮೂರನೆಯ ಅಧ್ಯಾಯ. ಆಗಷ್ಟೇ ಹುಟ್ಟಿದ ಕೂಸು ಮೊಲೆಹಾಲಿಗೆ ಹಂಬಲಿಸುತ್ತದೆ. ಹಿಂದೆ ಉಂಡ ನೆನಪಿಲ್ಲದೆ ಹಂಬಲ ಹುಟ್ಟದು. ಈ ಜನ್ಮದಲ್ಲಿ ಅದಿನ್ನೂ ಉಂಡಿಲ್ಲ. ಆದ್ದರಿಂದ ಹಿಂದೊಂದು ಜನ್ಮವಿತ್ತು, ಆತ್ಮ ನಿತ್ಯ. ಪ್ರತಿವಾದಿ ಸುಮ್ಮನಿರುವುದಿಲ್ಲ. ಕಬ್ಬಿಣ ಆಯಸ್ಕಾಂತದ ಕಡೆ ಸರಿಯುತ್ತದಲ್ಲ, ಅದಕ್ಕೆಲ್ಲಿಯ ನೆನಪು ಎನ್ನುತ್ತಾನೆ. ಕಬ್ಬಿಣ ಸರಿಯುವುದಕ್ಕೂ ಒಂದು ನಿಯತ ಕಾರಣವಿದೆ, ಮಣ್ಣಿನ ಹೆಂಟೆ ಹಾಗೆ ಸರಿಯದು. ಕೂಸಿನ ವಿಷಯದಲ್ಲಿ ಆ ಕಾರಣ ನೆನಪೇ ಎಂಬುದು ನೈಯಾಯಿಕರ ಉತ್ತರ.

ಪ್ರತಿವಾದಿಯ ಆಯಸ್ಕಾಂತ ಹಕ್ಕಿಗಳ ಮಟ್ಟಿಗೆ ಬರೀ ದೃಷ್ಟಾಂತವಾಗಿ ಉಳಿಯಲಿಲ್ಲ. ರಾಬಿನ್ ಹಕ್ಕಿಗಳು ಭೂಮಿಯ ಕಾಂತಕ್ಷೇತ್ರದಿಂದ ದಿಕ್ಕು ಹಿಡಿಯುತ್ತವೆ ಎಂಬುದನ್ನು ಜರ್ಮನಿಯಲ್ಲಿ ವೋಲ್ಫ್‌ಗಾಂಗ್ ವಿಲ್ಚ್‌ಕೊ 1960ರ ದಶಕದಲ್ಲಿ ತೋರಿಸಿದರು. ಆದರೆ ನನ್ನನ್ನು ಹೆಚ್ಚು ಕಾಡಿದ್ದು 1958ರಲ್ಲಿ ಪೆರ್ಡೆಕ್ ಪ್ರಕಟಿಸಿದ ಪ್ರಯೋಗ. ವಲಸೆಯ ನಡುವೆ ನೆದರ್ಲೆಂಡ್ಸಿನಲ್ಲಿ ಹಿಡಿದ ಸ್ಟಾರ್ಲಿಂಗ್ ಹಕ್ಕಿಗಳನ್ನು ಅವರು ಸ್ವಿಟ್ಜರ್ಲೆಂಡಿಗೆ ಒಯ್ದು ಬಿಟ್ಟರು. ದೊಡ್ಡವು ದಿಕ್ಕು ಬದಲಿಸಿ ತಮ್ಮ ಎಂದಿನ ಚಳಿಗಾಲದ ನೆಲೆಯತ್ತ ಹೋದವು. ಮರಿಗಳು ಹುಟ್ಟಿನಿಂದ ಬಂದ ದಿಕ್ಕನ್ನೇ ಹಿಡಿದು ಹಾರಿ ದಕ್ಷಿಣ ಫ್ರಾನ್ಸ್, ಸ್ಪೇನ್ ಮುಟ್ಟಿದವು.

ಮರಿಯದ್ದು ಪೂರ್ವಜನ್ಮದ ನೆನಪೇ ಆಗಿದ್ದರೆ ಅದೂ ಹಳೆಯ ನೆಲೆ ಹುಡುಕಿ ಹೋಗಬೇಕಿತ್ತು. ನೆನಪು ಊರಿನದ್ದಾಗಿರುತ್ತದೆ, ಬರೀ ದಿಕ್ಕಿನದ್ದಲ್ಲ. ಒಬ್ಬ ಕಂಡದ್ದನ್ನು ಇನ್ನೊಬ್ಬ ನೆನೆಯಲಾರ ಎಂಬುದು ನೈಯಾಯಿಕರದೇ ಮಾತು, ಅದು ಇಲ್ಲಿ ಸರಿಯಾಗಿ ನಿಲ್ಲುತ್ತದೆ: ತಾಯಿ ಕಂಡ ಕೋಡಿ ಮರಿಯೊಳಗೆ ಇಲ್ಲ. ಸಾವಿರಾರು ತಲೆಮಾರು ಹಾರಿ ಬದುಕಿದ್ದರಿಂದ ಉಳಿದ ಒಂದು ಒಲವು ಮಾತ್ರ ಇದೆ. ಈ ಕೆಸರಿನಲ್ಲಿ ಹುಳ ಎಲ್ಲಿ, ಭರತ ಏರಿದಾಗ ನಿಲ್ಲಲು ದಿಬ್ಬ ಎಲ್ಲಿ ಎಂಬುದನ್ನು ಅದು ತನ್ನ ಕಾಲಿನಿಂದಲೇ ಕಲಿಯಬೇಕು.

ಆ ಹೆಂಗಸಿಗೆ ಇಷ್ಟನ್ನು ಹೇಳಿದೆ. “ದೇವ್ರ್ ಅರ್ಧ ಹೇಳಿ ಬಿಟ್ಟದ್ದಾ?” ಎಂದರು. ಹೌದೆಂದೇ ನನಗೂ ಅನ್ನಿಸುತ್ತದೆ. ಪುನರ್ಜನ್ಮವನ್ನು ನಾನು ನಂಬುತ್ತೇನೆ, ಈಗಲೂ. ಆದರೆ ಕೂಸಿನ ಹಂಬಲದಿಂದ ಅದನ್ನು ಸಾಧಿಸಬಹುದೆಂದು ಇನ್ನು ಯಾರಿಗೂ ಪಾಠ ಹೇಳಲಾರೆ. ಆ ನಂಬಿಕೆಗೆ ಬೇರೆ ಆಧಾರವನ್ನು ನಾನೇ ಹುಡುಕಿಕೊಳ್ಳಬೇಕಾಗಿದೆ.