ಅಳಿಸಿದ ಸಂಕೇತ, ಉಳಿದ ದೋಷ

ನಮ್ಮ ಆಚಾರ್ಯರು ಅಣುವ್ರತಗಳನ್ನು ನಿರೂಪಿಸಿದ ಕಾಲದಲ್ಲಿ ತಕ್ಕಡಿ, ಅಳತೆಯ ಪಾತ್ರೆ, ಸಾಲಪತ್ರ, ಒತ್ತೆ ಇವೇ ಶ್ರಾವಕನ ನಿತ್ಯವ್ಯವಹಾರದ ಸಾಧನಗಳಾಗಿದ್ದವು. ಆದುದರಿಂದಲೇ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯ ಮತ್ತು ಅಚೌರ್ಯ ವ್ರತಗಳ ಅತಿಚಾರಗಳನ್ನು ಎಣಿಸುವಾಗ ಸುಳ್ಳು ಬರಹ, ಕಳ್ಳ ಅಳತೆ, ಇಟ್ಟ ಒತ್ತೆಯನ್ನು ನುಂಗುವುದು ಮುಂತಾದವು ಬಂದಿವೆ. ಸಾಧನಗಳು ಬದಲಾದಂತೆ ಅತಿಚಾರಗಳ ರೂಪವೂ ಬದಲಾಗುತ್ತದೆ. ಅಂತಹ ಒಂದು ಹೊಸ ರೂಪವನ್ನು ಇಲ್ಲಿ ವಿಚಾರಿಸೋಣ.

ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ವಾಸಿಸುವ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳಿರಿ. ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸ, ಪ್ರತಿದಿನ ರಾತ್ರಿಭೋಜನತ್ಯಾಗ; ವ್ರತದಲ್ಲಿ ಲೋಪವಿಲ್ಲ. ಅವನಲ್ಲಿ ಒಂದು ಹಳೆಯ ಹೈಬ್ರಿಡ್ ಕಾರು ಇದೆ. ಬಿಡದಿಯ ಕಾರ್ಖಾನೆಯಲ್ಲಿ 2013ರಿಂದಲೇ ಇಂತಹ ಕಾರುಗಳು ಸಿದ್ಧವಾಗುತ್ತಿರುವುದರಿಂದ ಇದು ನಮ್ಮ ಕಡೆ ಅಪರೂಪದ ವಸ್ತುವಲ್ಲ. ಹೊಗೆ ತಪಾಸಣೆಯ ಪ್ರಮಾಣಪತ್ರದ ಅವಧಿ ಮುಗಿಯುತ್ತ ಬಂದಿದೆ. ಕಾರಿನ ಫಲಕದಲ್ಲಿ ಎಂಜಿನ್ ಚಿಹ್ನೆಯ ಹಳದಿ ದೀಪ ಹೊತ್ತಿಕೊಂಡಿದೆ. ಮೆಕ್ಯಾನಿಕ್ಕನು ಸ್ಕ್ಯಾನರ್ ಜೋಡಿಸಿ ನೋಡಿ, “ರಿಪೇರಿಗೆ ಬಹಳ ಖರ್ಚು ಬರುತ್ತದೆ ಸಾರ್. ಸದ್ಯಕ್ಕೆ ಕೋಡ್ ಅಳಿಸಿಕೊಡುತ್ತೇನೆ, ಟೆಸ್ಟ್ ಮಾಡಿಸಿಕೊಂಡುಬಿಡಿ” ಎನ್ನುತ್ತಾನೆ. ಈ ಮಾತಿಗೆ ಒಪ್ಪಿದರೆ ವ್ರತಕ್ಕೆ ಭಂಗವುಂಟೇ ಎಂಬುದು ಪ್ರಶ್ನೆ.

ಯಂತ್ರದ ಕ್ರಮವನ್ನು ತಿಳಿಯದೆ ತೀರ್ಪು ಹೇಳುವುದು ಸಲ್ಲದು. ಎಂಜಿನ್ನಿನಿಂದ ಹೊರಡುವ ವಿಷಾನಿಲಗಳನ್ನು ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಭಾಗವು ಬಹುಮಟ್ಟಿಗೆ ನಿರಪಾಯಗೊಳಿಸಿ ಹೊರಬಿಡುತ್ತದೆ. ಅದರ ಮುಂದೊಂದು ಹಿಂದೊಂದು ಆಮ್ಲಜನಕವನ್ನು ಗುರುತಿಸುವ ಸೆನ್ಸರ್ ಇರುತ್ತದೆ. ಎರಡರ ವರದಿಗಳನ್ನೂ ಹೋಲಿಸಿ, ಕನ್ವರ್ಟರಿನ ಶಕ್ತಿ ಕುಂದಿದಂತೆ ಕಂಡರೆ ಕಾರಿನ ಕಂಪ್ಯೂಟರು ಪಿ 0420 ಎಂಬ ಸಂಕೇತವನ್ನು ಬರೆದಿಟ್ಟು ದೀಪವನ್ನು ಹೊತ್ತಿಸುತ್ತದೆ. ಸ್ಕ್ಯಾನರಿನಿಂದ ಅಳಿಸಿದರೆ ಬರಹ ಹೋಗುತ್ತದೆ, ದೀಪ ಆರುತ್ತದೆ. ಕನ್ವರ್ಟರು ಇದ್ದಂತೆಯೇ ಇರುತ್ತದೆ. ಕೆಲವು ದಿನ ಓಡಾಡಿದ ಮೇಲೆ ಕಂಪ್ಯೂಟರು ಮತ್ತೆ ಪರೀಕ್ಷಿಸಿ ಮತ್ತೆ ಬರೆಯುತ್ತದೆ. ಹೈಬ್ರಿಡ್ ಕಾರಿನಲ್ಲಂತೂ ವಾಹನ ನಿಂತಾಗ ಎಂಜಿನ್ನೂ ನಿಲ್ಲುವುದುಂಟು, ಚಲಿಸುವಾಗ ತಾನಾಗಿ ಹೊತ್ತಿಕೊಳ್ಳುವುದುಂಟು. ಆದಕಾರಣ ನಿಂತಲ್ಲೇ ಎಂಜಿನ್ ಓಡಿಸಿ ಅಳೆದ ಹೊಗೆಯು ದಿನದ ಓಡಾಟದ ಪೂರ್ಣ ಸತ್ಯವನ್ನು ಹೇಳಲಾರದು. ಒಳಗಿನ ಆ ಬರಹವೇ ಹೆಚ್ಚು ತಿಳಿದ ಸಾಕ್ಷಿ.

ಈ ಸಾಕ್ಷಿಯನ್ನು ಕೇಳಿಯೇ ತೀರ್ಮಾನಿಸುವ ನಾಡುಗಳೂ ಇವೆ. ನಮ್ಮ ಅನೇಕ ಕನ್ನಡ ಕುಟುಂಬಗಳು ನೆಲೆಸಿರುವ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 2000ದಿಂದೀಚಿನ ಪೆಟ್ರೋಲ್ ಕಾರುಗಳ ಕಂಪ್ಯೂಟರನ್ನೇ ತಪಾಸಣೆಯಲ್ಲಿ ಓದುತ್ತಾರೆ. ಸಂಕೇತವನ್ನು ಹೊಸದಾಗಿ ಅಳಿಸಿದ್ದರೆ, ಕಾರಿನ ಸ್ವಯಂಪರೀಕ್ಷೆಗಳು ಇನ್ನೂ ಮುಗಿದಿಲ್ಲವೆಂಬುದು ಅಲ್ಲಿ ಗೊತ್ತಾಗಿ ಕಾರು ಅನುತ್ತೀರ್ಣವಾಗುತ್ತದೆ. 2010ರಿಂದೀಚಿನ ಮಾದರಿಗಳಲ್ಲಿ ಯಾವ ಸ್ಕ್ಯಾನರಿನಿಂದಲೂ ಅಳಿಸಲಾಗದ ಸ್ಥಿರಸಂಕೇತಗಳೂ ಉಂಟು; 2019ರ ಜುಲೈನಿಂದ ಅವುಗಳನ್ನೂ ನೋಡುತ್ತಾರೆ. ದೋಷವು ನಿಜವಾಗಿ ಹೋಗಿದೆಯೆಂದು ಓಡಿ ಪರೀಕ್ಷಿಸಿಕೊಂಡ ಮೇಲೆ ಕಾರು ತಾನೇ ಆ ಸಂಕೇತವನ್ನು ತೆಗೆಯುತ್ತದೆ.

ನಮ್ಮಲ್ಲಿ ಹಾಗಿಲ್ಲ. ಇಲ್ಲಿಯ ಹೊಗೆ ತಪಾಸಣೆಯು ಮುಖ್ಯವಾಗಿ ಸೈಲೆನ್ಸರಿನಿಂದ ಬರುವ ಅನಿಲವನ್ನು ಅಳೆಯುತ್ತದೆ. ಒಳಗಿನ ಬರಹವನ್ನು ಕೇಳುವುದಿಲ್ಲ. ಇಲ್ಲಿಯೇ ಧರ್ಮದ ಪ್ರಶ್ನೆ ಗಂಭೀರವಾಗುವುದು. ನಮ್ಮ ಗೃಹಸ್ಥನು ಹೇಳಬಹುದು: “ನಾನು ಒಂದು ಸುಳ್ಳನ್ನೂ ಆಡಲಿಲ್ಲ. ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ಅಳತೆ ಮಿತಿಯೊಳಗೇ ಬಂದಿತು. ಅಳಿಸಿದವನು ಮೆಕ್ಯಾನಿಕ್ಕು, ನಾನಲ್ಲ. ಅಷ್ಟೊಂದು ಲಾರಿ ಬಸ್ಸುಗಳ ಹೊಗೆಯ ಮುಂದೆ ನನ್ನ ಕಾರಿನದೆಷ್ಟು?”

ಒಂದೊಂದಾಗಿ ನೋಡೋಣ. ಪ್ರಮಾಣಪತ್ರವು ತಪಾಸಣೆಯ ಐದು ನಿಮಿಷಕ್ಕೆ ಸಂಬಂಧಿಸಿದ ಕಾಗದವಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 115ನೆಯದು, ವಾಹನವನ್ನು ಸದಾ ಮಿತಿಗೆ ಒಳಪಟ್ಟ ಸ್ಥಿತಿಯಲ್ಲಿಟ್ಟು ಓಡಿಸಬೇಕೆಂದು ವಿಧಿಸುತ್ತದೆ. ಆ ಸ್ಥಿತಿ ಕೆಟ್ಟಿರುವ ಸೂಚನೆ ಸಿಕ್ಕಿದ ಮೇಲೂ ಅದನ್ನು ಮರೆಮಾಡಿ ಪತ್ರ ಪಡೆದರೆ ಬಾಯಿ ಆಡದ ಸುಳ್ಳನ್ನು ಕಾಗದ ಆಡುತ್ತದೆ. ಇದು ಕೂಟಲೇಖಕ್ರಿಯೆಯ ನೆರೆಯಲ್ಲಿದೆ. ರಾಜ್ಯದ ವಿಧಿಯನ್ನು ಉಪಾಯದಿಂದ ದಾಟುವುದರಿಂದ ವಿರುದ್ಧರಾಜ್ಯಾತಿಕ್ರಮಕ್ಕೂ ದೂರವಿಲ್ಲ. ಮೆಕ್ಯಾನಿಕ್ಕನ ಕೈ ಎಂಬ ಸಮಾಧಾನವೂ ನಿಲ್ಲದು. ಕೃತ, ಕಾರಿತ, ಅನುಮೋದನ ಎಂಬ ಮೂರು ದ್ವಾರಗಳಿಂದಲೂ ಕರ್ಮವು ಬರುತ್ತದೆಂಬುದು ಶ್ರಾವಕನಿಗೆ ಹೊಸ ಮಾತಲ್ಲ. ಇನ್ನು ಹೊಗೆಯ ಪ್ರಮಾಣ ಅಲ್ಪವೆಂಬುದು: ದೇವರಾಜ ಮಾರುಕಟ್ಟೆಯ ಬದಿಯಲ್ಲಿ ಬೆಳಗಿನಿಂದ ಹೂ ಕಟ್ಟುತ್ತ ಕುಳಿತವಳು ಈ ವ್ಯವಹಾರದಲ್ಲಿ ಯಾವ ಲಾಭವನ್ನೂ ಪಡೆದವಳಲ್ಲ, ಅದರ ಗಾಳಿಯನ್ನು ಮಾತ್ರ ಉಸಿರಾಡುವವಳು. ಇತರರ ಹಿಂಸೆ ದೊಡ್ಡದಾದುದರಿಂದ ನನ್ನ ಹಿಂಸೆ ಅಹಿಂಸೆಯಾಗುವುದಿಲ್ಲ.

ಉಪಾಯವು ಬೃಹದ್ರೂಪ ತಾಳಿದರೆ ಏನಾಗುವುದೆಂಬುದನ್ನು ಲೋಕವು 2015ರಲ್ಲಿ ಕಂಡಿತು. ಫೋಕ್ಸ್‌ವ್ಯಾಗನ್ ಸಂಸ್ಥೆಯು ಪರೀಕ್ಷೆ ನಡೆಯುತ್ತಿರುವುದನ್ನು ಗುರುತಿಸಿ ಆಗ ಮಾತ್ರ ಹೊಗೆಯನ್ನು ಶುದ್ಧಗೊಳಿಸುವ ತಂತ್ರಾಂಶವನ್ನು ಸುಮಾರು 1.1 ಕೋಟಿ ಡೀಸೆಲ್ ಕಾರುಗಳಲ್ಲಿ ಇರಿಸಿದ್ದುದು ಬಯಲಾಯಿತು. ಸಂಖ್ಯೆಯಲ್ಲಿ ಅಂತರ ಅಪಾರ. ಪರೀಕ್ಷೆಯ ಹೊತ್ತಿಗೆ ಮಾತ್ರ ಶುದ್ಧನಾಗಿ ಕಾಣುವ ಬಯಕೆ ಒಂದೇ.

ಹಾಗಾದರೆ ಸಂಕೇತವನ್ನು ಅಳಿಸುವುದೇ ಪಾಪವೇ? ಅಲ್ಲ. ದೋಷವನ್ನು ಸರಿಪಡಿಸಿದ ಮೇಲೆ ಅಳಿಸುವುದು ಯುಕ್ತವಾದ ಕ್ರಮ. ಆಗ ಅಳಿಸುವುದು ಪರೀಕ್ಷೆಯ ಆರಂಭ. ರಿಪೇರಿಗೆ ಮೊದಲು ಅಳಿಸುವುದು ಪರೀಕ್ಷೆಯ ವಂಚನೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಉಪಶಮ ಮತ್ತು ಕ್ಷಯಗಳ ಭೇದವನ್ನು ಕೆಸರು ನೀರಿನ ದೃಷ್ಟಾಂತದಿಂದ ತಿಳಿಸಿದ್ದಾರೆ. ಚಿಲ್ಲದ ಬೀಜ ಹಾಕಿದರೆ ಕೆಸರು ತಳಕ್ಕಿಳಿಯುತ್ತದೆ, ಅದು ಉಪಶಮ. ತಿಳಿನೀರನ್ನು ಬೇರೆ ಶುದ್ಧ ಪಾತ್ರೆಗೆ ಬಗ್ಗಿಸಿದರೆ ಕೆಸರೇ ಇಲ್ಲ, ಅದು ಕ್ಷಯ. ಬರಿಯ ಸಂಕೇತವನ್ನು ಅಳಿಸಿದಲ್ಲಿ ಕೆಸರು ತಳಕ್ಕೂ ಇಳಿದಿಲ್ಲ. ಪಾತ್ರೆಯ ಮೇಲೆ ಬಟ್ಟೆ ಮುಚ್ಚಿದ್ದೇವೆ ಅಷ್ಟೆ.

ಖರ್ಚಿನ ಕಷ್ಟವನ್ನು ಹಗುರವಾಗಿ ಕಾಣಬಾರದು. ಕನ್ವರ್ಟರಿನ ಬೆಲೆ ಸಣ್ಣ ಸಂಸಾರಕ್ಕೆ ಭಾರವೇ ಸರಿ. ಆದರೆ ಪಿ 0420 ಎಂದೊಡನೆ ಕನ್ವರ್ಟರೇ ಕೆಟ್ಟಿದೆಯೆಂದು ನಿಶ್ಚಯಿಸಬೇಕಾಗಿಲ್ಲ. ಹೊಗೆಕೊಳವೆಯ ಸೋರಿಕೆ, ಹಳೆಯದಾದ ಸೆನ್ಸರ್ ಮುಂತಾದ ಕಡಿಮೆ ಖರ್ಚಿನ ಕಾರಣಗಳೂ ಇರಬಹುದು. ಅಳಿಸಿದವನಿಗೆ ಇದು ಎಂದೂ ತಿಳಿಯುವುದಿಲ್ಲ, ಹುಡುಕಿದವನಿಗೆ ತಿಳಿಯುತ್ತದೆ. ನಿಜವಾಗಿಯೂ ಹಣವಿಲ್ಲದಿದ್ದರೆ ಹಣ ಕೂಡುವವರೆಗೆ ಕಾರನ್ನು ನಿಲ್ಲಿಸಿ ಬಸ್ಸಿನಲ್ಲಿ ಓಡಾಡುವುದು ವ್ರತಿಕನಿಗೆ ಅಶಕ್ಯವಾದ ತಪಸ್ಸಲ್ಲ. ಕಾರನ್ನು ಮಾರುವುದಾದರೆ ದೋಷವನ್ನು ಹೇಳಿ ಮಾರಬೇಕು. ಸಂಕೇತ ಅಳಿಸಿ ಮಾರಿದರೆ ಅದು ಇನ್ನೊಬ್ಬ ಸಂಸಾರಸ್ಥನ ಹಣವನ್ನು ತೆಗೆದುಕೊಂಡಂತೆಯೇ.

ನಾವು ಮಾಡುವ ಉಪವಾಸವನ್ನು ಯಾರೂ ತಪಾಸಣೆ ಮಾಡುವುದಿಲ್ಲ. ಬಾಗಿಲು ಮುಚ್ಚಿದ ಅಡಿಗೆಮನೆಯಲ್ಲಿ ಒಂದು ಲೋಟ ನೀರು ಕುಡಿದರೂ ಕೇಳುವವರಿಲ್ಲ, ಆದರೂ ಕುಡಿಯುವುದಿಲ್ಲ. ಕೇಳುವವರಿಲ್ಲದ ಕಡೆ ನಡೆಯುವುದಕ್ಕೇ ವ್ರತವೆಂದು ಹೆಸರು. ಕ್ಯಾಲಿಫೋರ್ನಿಯದಲ್ಲಿ ಯಂತ್ರವೇ ಕೇಳುತ್ತದೆ, ಅಲ್ಲಿ ಕಾನೂನು ಸಾಕು. ದೇವರಾಜ ಮೊಹಲ್ಲಾದಲ್ಲಿ ಯಾರೂ ಕೇಳುವುದಿಲ್ಲ. ಅಲ್ಲಿ ಶ್ರಾವಕನ ಅಣುವ್ರತವೇ ಬೇಕು.